ಕ್ರೂಸ್ ಹಡಗು ಪೆನಾಂಗ್‌ನಲ್ಲಿ ನಿಂತಾಗ: ಅಡಿಕೆ ದ್ವೀಪದಲ್ಲಿ ಆರಾಮಾಗಿ ಒಂದು ದಿನ

ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೋಗುವ ಕ್ರೂಸ್ ಬುಕ್ ಮಾಡಿದ ಸ್ನೇಹಿತರು, ನೆಂಟರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಹಡಗು ಪೆನಾಂಗ್‌ನಲ್ಲಿ ಏಳೆಂಟು ಗಂಟೆ ನಿಲ್ಲುತ್ತಂತೆ. ಅಷ್ಟರಲ್ಲಿ ಏನೇನು ನೋಡಬಹುದು? ಹಡಗಿನವರ ಟೂರ್ ತಗೊಳ್ಳಲೇಬೇಕಾ, ಇಲ್ಲಾ ನಾವೇ ಇಳಿದು ಸುತ್ತಬಹುದಾ?” ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಏನಾದರೊಂದು ಬಿಟ್ಟುಹೋಗುತ್ತಿತ್ತು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಟೂರ್ ಬೇಕಾಗಿಲ್ಲ. ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್, ಅಂದರೆ ಧಕ್ಕೆ, ಊರಿಗೆ ಅಂಟಿಕೊಂಡೇ ಇದೆ. ಗೇಟು ದಾಟಿ ರಸ್ತೆಗೆ ಕಾಲಿಟ್ಟರೆ ನೀವು ಜಾರ್ಜ್‌ಟೌನ್‌ನಲ್ಲಿ ಇದ್ದೀರಿ. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೇ ಪೇಟೆ ಅದು. ಬಸ್ಸು ಬೇಡ, ಟ್ಯಾಕ್ಸಿ ಬೇಡ, ನಡೆದೇ ನೋಡಬಹುದು. ಇಂಥ ಅನುಕೂಲ ಎಲ್ಲ ಬಂದರಿನಲ್ಲೂ ಸಿಗುವುದಿಲ್ಲ. ಆದರೆ ಬೆಟ್ಟ, ಬೀಚು, ಬೌದ್ಧ ದೇವಾಲಯ, ಹಳೇ ಪೇಟೆ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಹಾಗೆ ಮಾಡಿದವರಿಗೆ ನೆನಪಿನಲ್ಲಿ ಉಳಿಯುವುದು ಕಾರಿನ ಕಿಟಕಿ ಮಾತ್ರ. ಪೇಟೆಯೊಂದನ್ನೇ ಹಿಡಿಯಿರಿ. ನಡೆಯಿರಿ, ಕೂರಿ, ತಿನ್ನಿ, ಮತ್ತೆ ನಡೆಯಿರಿ.

ಇನ್ನೊಂದು ಮಾತು. ಈ ದ್ವೀಪದ ಮಲಯ್ ಹೆಸರು ಪುಲಾವ್ ಪಿನಾಂಗ್. ಪುಲಾವ್ ಅಂದರೆ ದ್ವೀಪ, ಪಿನಾಂಗ್ ಅಂದರೆ ಅಡಿಕೆ. ಪೆನಾಂಗ್ ರಾಜ್ಯದ ಬಾವುಟದ ನಡುವೆ ಇರುವುದೂ ಅಡಿಕೆ ಮರವೇ. ತೀರ್ಥಹಳ್ಳಿ, ಶಿರಸಿ, ಪುತ್ತೂರು ಕಡೆಯವರು ಇಳಿದ ಕೂಡಲೇ ಆ ಬಾವುಟವನ್ನು ಹುಡುಕಿ ನೋಡಿ. ಅಷ್ಟು ದೂರ ಹೋಗಿ ನಮ್ಮ ತೋಟದ ಮರ ಕಂಡರೆ ಖುಷಿಯಾಗುತ್ತದೆ, ಅಲ್ವಾ?

ಮೊದಲು ನಾಲ್ಕು ಪದ ತಿಳಿದುಕೊಳ್ಳಿ

ಹಡಗಿನಲ್ಲಿ ಈ ಪದಗಳನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಗೊತ್ತಿದೆ ಅಂದುಕೊಂಡೇ ಮಾತಾಡುತ್ತಾರೆ.

ಗ್ಯಾಂಗ್‌ವೇ: ಹಡಗಿನಿಂದ ಧಕ್ಕೆಗೆ ಇಳಿಯುವ ಸೇತುವೆ ಅಥವಾ ಮೆಟ್ಟಿಲು. “ಗ್ಯಾಂಗ್‌ವೇ ಓಪನ್” ಅಂತ ಕೂಗಿದ ಮೇಲೆ ಮಾತ್ರ ಇಳಿಯಲು ಬಿಡುತ್ತಾರೆ.

ಟೆಂಡರ್: ಧಕ್ಕೆ ಇಲ್ಲದ ಕಡೆ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಜನರನ್ನು ದಡಕ್ಕೆ ತರುವ ಸಣ್ಣ ದೋಣಿಯೇ ಟೆಂಡರ್. ಪೆನಾಂಗ್‌ನಲ್ಲಿ ಸಾಮಾನ್ಯವಾಗಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ. ಅದೇ ಪ್ರಯಾಣದಲ್ಲಿ ಥಾಯ್ಲೆಂಡಿನ ಫುಕೆಟ್ ಕೂಡ ಇದ್ದರೆ ಅಲ್ಲಿ ಟೆಂಡರ್ ಹತ್ತಬೇಕಾಗಬಹುದು. ಅದಕ್ಕೆ ಹೋಗಿಬರಲು ಸಮಯ ಜಾಸ್ತಿ ಬೇಕು.

ಆಲ್ ಅಬೋರ್ಡ್: ಎಲ್ಲರೂ ಹಡಗಿನೊಳಗೆ ಇರಲೇಬೇಕಾದ ಹೊತ್ತು. ಇದು ಹಡಗು ಹೊರಡುವ ಹೊತ್ತಲ್ಲ. ಹೊರಡುವುದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆಯೇ ಇರುತ್ತದೆ. ಜನ ಎಡವುವುದು ಜಾಸ್ತಿ ಇಲ್ಲೇ.

ಶೋರ್ ಎಕ್ಸ್‌ಕರ್ಶನ್: ಹಡಗಿನವರೇ ಮಾರುವ ಟೂರ್. ದುಬಾರಿ. ಒಂದೇ ಲಾಭ ಅಂದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಸುತ್ತಲು ಹೋಗಿ ತಡವಾದರೆ ಕಾಯುವುದಿಲ್ಲ.

1. ಊರು ಬಿಡುವ ಮುಂಚೆ

ಮೊದಲ ಕೆಲಸ ವೀಸಾ. ಭಾರತೀಯರಿಗೆ ಸಿಂಗಾಪುರಕ್ಕೆ ವೀಸಾ ಬೇಕು. ಹಡಗು ಸಿಂಗಾಪುರ ಬಿಟ್ಟು ಮಲೇಷ್ಯಾಕ್ಕೆ ಹೋಗಿ ಮತ್ತೆ ಸಿಂಗಾಪುರಕ್ಕೆ ಬರುತ್ತದೆ. ಅಂದರೆ ನೀವು ಎರಡು ಸಲ ಸಿಂಗಾಪುರದ ಒಳಗೆ ಬರುತ್ತೀರಿ. ನಿಮ್ಮ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ ಅಂತ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಏಜೆಂಟ್ “ಎಲ್ಲಾ ಸರಿ ಇದೆ ಸಾರ್” ಅಂದರೆ ಸಾಲದು.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಇಲ್ಲದೆ ಬರಲು ಬಿಟ್ಟಿದೆ. ಇದು ಗಡುವು ಹಾಕಿ, ಆಗಾಗ ಮುಂದುವರಿಸುತ್ತಿರುವ ಸೌಲಭ್ಯ. ಹಾಗಾಗಿ ಟಿಕೆಟ್ ಮಾಡುವಾಗ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು.

ಇದರ ಜೊತೆಗೆ ಮಲೇಷ್ಯಾ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದಿದೆ. ತಲುಪುವ ದಿನದ ಹಿಂದಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವ ಅರ್ಜಿ. ಸಿಂಗಾಪುರಕ್ಕೂ ಇಂಥದ್ದೇ ಇದೆ, ಹೆಸರು ಎಸ್‌ಜಿ ಅರೈವಲ್ ಕಾರ್ಡ್. ಕ್ರೂಸ್ ಮುಗಿಸಿ ವಾಪಸ್ ಬರುವಾಗ ಅದನ್ನು ಎರಡನೇ ಸಲ ತುಂಬಬೇಕು. ವಿಮಾನದಲ್ಲಿ ಬಂದಾಗ ತುಂಬಿದ್ದು ಈ ಸಲಕ್ಕೆ ನಡೆಯುವುದಿಲ್ಲ. ಎರಡೂ ಉಚಿತ. ಹುಡುಕುವಾಗ ದುಡ್ಡು ಕೇಳುವ ನಕಲಿ ಸೈಟುಗಳೂ ಕಣ್ಣಿಗೆ ಬೀಳುತ್ತವೆ. ಬ್ಯಾಂಕ್ ಕಾರ್ಡ್ ನಂಬರ್ ಕೇಳಿದರೆ ಅದು ಸರ್ಕಾರದ ಸೈಟಲ್ಲ, ಅಲ್ಲಿಂದ ಹೊರಗೆ ಬನ್ನಿ.

ಎರಡನೆಯದು ಗ್ರ್ಯಾಬ್ ಆ್ಯಪ್. ನಮ್ಮ ಓಲಾ, ಊಬರ್ ಥರ ಅಲ್ಲಿ ಓಡುವುದು ಇದೇ. ಇದನ್ನು ಇಲ್ಲೇ ಹಾಕಿಕೊಂಡು ನೋಂದಣಿ ಮುಗಿಸಿ. ಓಟಿಪಿ ಬರುವುದು ನಿಮ್ಮ ಭಾರತದ ನಂಬರಿಗೆ. ಅಲ್ಲಿ ಹೋಗಿ ರೋಮಿಂಗ್ ಇಲ್ಲದೆ ಓಟಿಪಿಗಾಗಿ ಪರದಾಡುವ ಕುಟುಂಬಗಳನ್ನು ಪಿಯರ್ ಗೇಟಿನಲ್ಲಿ ನಾನೇ ಕಂಡಿದ್ದೇನೆ. ಜಾರ್ಜ್‌ಟೌನ್‌ನ ನಕ್ಷೆಯನ್ನೂ ಫೋನಿನಲ್ಲಿ ಆಫ್‌ಲೈನ್ ಆಗಿ ಇಳಿಸಿಕೊಳ್ಳಿ.

ಮೂರನೆಯದು ದುಡ್ಡು. ಮಲೇಷ್ಯಾದ ದುಡ್ಡು ರಿಂಗಿಟ್. ಒಂದು ರಿಂಗಿಟ್ ಅಂದರೆ ಸುಮಾರು 20 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ, ದರ ಏರಿಳಿಯುತ್ತಿರುತ್ತದೆ. ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ. ಬೀದಿ ತಿಂಡಿ, ಸೈಕಲ್ ರಿಕ್ಷಾ, ಶೌಚಾಲಯ ಇದಕ್ಕೆಲ್ಲ ನಗದು ಬೇಕು. ಒಬ್ಬರಿಗೆ 80ರಿಂದ 100 ರಿಂಗಿಟ್ ಇದ್ದರೆ ನಡೆದು ಸುತ್ತುವ ದಿನಕ್ಕೆ ಧಾರಾಳ. ಸಣ್ಣ ನೋಟುಗಳನ್ನು ಕೇಳಿ ಪಡೆಯಿರಿ.

2. ಹಿಂದಿನ ರಾತ್ರಿ, ಹಡಗಿನಲ್ಲಿ

ರಾತ್ರಿ ನಿಮ್ಮ ಕೋಣೆಗೆ ಬರುವ ಹಾಳೆಯನ್ನೋ ಹಡಗಿನ ಆ್ಯಪನ್ನೋ ನೋಡಿ. ಮರುದಿನದ ಸಮಯ ಎಲ್ಲ ಅದರಲ್ಲಿರುತ್ತದೆ. ಮೂರು ವಿಷಯ ಬರೆದುಕೊಳ್ಳಿ: ಗ್ಯಾಂಗ್‌ವೇ ತೆರೆಯುವ ಹೊತ್ತು, ಆಲ್ ಅಬೋರ್ಡ್ ಹೊತ್ತು, ಪೋರ್ಟ್ ಏಜೆಂಟ್ ನಂಬರ್. ಪೋರ್ಟ್ ಏಜೆಂಟ್ ಅಂದರೆ ಆ ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವವರು. ಈ ನಂಬರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಫೋನಿನ ಬ್ಯಾಟರಿ ಸತ್ತಾಗಲೇ ಇದು ಬೇಕಾಗುವುದು.

ಗಡಿಯಾರದ ವಿಷಯ. ಸಿಂಗಾಪುರ, ಮಲೇಷ್ಯಾ ಎರಡರಲ್ಲೂ ಒಂದೇ ಸಮಯ, ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಫುಕೆಟ್ ಮುಗಿಸಿ ಪೆನಾಂಗ್‌ಗೆ ಬರುತ್ತಿದ್ದರೆ ನಿಮ್ಮ ಫೋನು ಯಾವ ಸಮಯ ತೋರಿಸುತ್ತಿದೆ ಅನ್ನುವುದು ಹೇಳಲಾಗದು. ಕೈಗಡಿಯಾರ ಕಟ್ಟಿಕೊಳ್ಳಿ. ಅದನ್ನು ಹಡಗಿನ ಸಮಯಕ್ಕೆ ಸರಿಮಾಡಿ. ಇಡೀ ದಿನ ಅದನ್ನೇ ನಂಬಿ.

ಫೋನನ್ನು ಸಮುದ್ರದಲ್ಲಿ ಇರುವಷ್ಟು ಹೊತ್ತೂ ಫ್ಲೈಟ್ ಮೋಡ್‌ನಲ್ಲೇ ಇಡಿ. ಹಡಗಿನಲ್ಲೂ ಒಂದು ಮೊಬೈಲ್ ನೆಟ್‌ವರ್ಕ್ ಇರುತ್ತದೆ. ಅದು ಉಪಗ್ರಹದ ಮೂಲಕ ನಡೆಯುವಂಥದ್ದು. ನಿಮ್ಮ ಮಾಮೂಲಿ ರೋಮಿಂಗ್ ಪ್ಯಾಕ್‌ನಲ್ಲಿ ಅದು ಸೇರಿರುವುದಿಲ್ಲ. ಸುಮ್ನೆ ಆನ್ ಇಟ್ಟರೂ ಬಿಲ್ ಸಾವಿರಗಟ್ಟಲೆ ಏರಬಹುದು. ಧಕ್ಕೆಗೆ ಇಳಿದ ಮೇಲೆ ಆನ್ ಮಾಡಿ.

ಬ್ಯಾಗಿಗೆ ಇಷ್ಟು ಸಾಕು: ಹಡಗಿನ ಕಾರ್ಡ್, ಪಾಸ್‌ಪೋರ್ಟ್ ಅಥವಾ ಹಡಗಿನವರು ಹೇಳಿದ ದಾಖಲೆ, ಅದರ ಜೆರಾಕ್ಸ್, ಕೊಡೆ, ಟೋಪಿ, ನೀರಿನ ಬಾಟಲಿ, ಟಿಶ್ಯೂ, ಸೊಳ್ಳೆಗೆ ಹಚ್ಚುವ ಕ್ರೀಮು, ದಿನನಿತ್ಯದ ಮಾತ್ರೆ. ಮಾತ್ರೆಯನ್ನು ಆ ದಿನಕ್ಕೆ ಮಾತ್ರ ತರಬೇಡಿ, ಎರಡು ದಿನದ್ದು ಇಟ್ಟುಕೊಳ್ಳಿ. ಕೆಲವು ಹಡಗಿನವರು ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಳ್ಳುತ್ತಾರೆ, ಕೆಲವರು ಕೈಯಲ್ಲೇ ಕೊಟ್ಟು ಕಳಿಸುತ್ತಾರೆ. ಆ ಹಾಳೆಯಲ್ಲಿ ಹೇಳಿದಂತೆ ಮಾಡಿ.

ಬಟ್ಟೆ ಹತ್ತಿಯದ್ದು, ಸಡಿಲವಾದದ್ದು. ದೇವಸ್ಥಾನ, ಮಸೀದಿ ನೋಡುವುದಿದ್ದರೆ ಭುಜ ಮತ್ತು ಮಂಡಿ ಮುಚ್ಚಿರಲಿ. ಚಪ್ಪಲಿ ಬಿಚ್ಚಿ ಹಾಕಲು ಸುಲಭವಾಗಿರಲಿ, ಹಿಮ್ಮಡಿ ಎತ್ತರದ್ದು ಬೇಡವೇ ಬೇಡ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

3. ಇಳಿಯುವುದು

ಗ್ಯಾಂಗ್‌ವೇ ತೆರೆದ ಕೂಡಲೇ ಸಾವಿರಾರು ಜನ ಒಟ್ಟಿಗೆ ನುಗ್ಗುತ್ತಾರೆ. ಮೊದಲು ಟೂರ್ ಬಸ್ಸಿನವರನ್ನು ಬಿಡುತ್ತಾರೆ. ನೀವು ಆರಾಮಾಗಿ ತಿಂಡಿ ತಿಂದು, ಮುಕ್ಕಾಲು ಗಂಟೆ ಬಿಟ್ಟು ಇಳಿಯಿರಿ. ಸಾಲು ಕರಗಿರುತ್ತದೆ. ಹಡಗಿನ ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ ಬ್ಯಾಗಿಗೆ ಹಾಕಿಕೊಳ್ಳಬೇಡಿ. ದಡಕ್ಕೆ ಆಹಾರ ಒಯ್ಯಲು ಬಿಡುವುದಿಲ್ಲ. ಮಕ್ಕಳ ಪೊಟ್ಟಣದ ಬಿಸ್ಕತ್ ಇದ್ದರೆ ಕೇಳಿಕೊಂಡು ಒಯ್ಯಿರಿ.

ಇಮಿಗ್ರೇಶನ್ ದಾಟಿ ಹೊರಗೆ ಬಂದರೆ ಟ್ಯಾಕ್ಸಿಯವರು ಸುತ್ತುವರಿಯುತ್ತಾರೆ. “ತ್ರೀ ಅವರ್ಸ್, ಹಿಲ್, ಟೆಂಪಲ್, ಬೀಚ್” ಅಂತ ಫಲಕ ಹಿಡಿದಿರುತ್ತಾರೆ. ಕೈಮುಗಿದು ಮುಂದೆ ನಡೆಯಿರಿ. ಕಾರೇ ಬೇಕಿದ್ದರೆ ಸ್ವಲ್ಪ ದೂರ ನಡೆದು ಗ್ರ್ಯಾಬ್ ಕರೆಯಿರಿ, ದರ ಮೊದಲೇ ಫೋನಿನಲ್ಲಿ ಕಾಣುತ್ತದೆ.

ವಯಸ್ಸಾದವರು ಜೊತೆಗಿದ್ದರೆ ಬೆಚಾ ನೋಡಿ. ಇದು ಇಲ್ಲಿನ ಸೈಕಲ್ ರಿಕ್ಷಾ. ಕೂರುವ ಸೀಟು ಮುಂದೆ, ತುಳಿಯುವವರು ಹಿಂದೆ. ಪ್ಲಾಸ್ಟಿಕ್ ಹೂವು ಕಟ್ಟಿ ಸಿಂಗರಿಸಿರುತ್ತಾರೆ. ಹತ್ತುವ ಮೊದಲೇ ಎಷ್ಟು ಹೊತ್ತು, ಎಷ್ಟು ದುಡ್ಡು, ಅದು ಒಬ್ಬರಿಗೋ ಇಡೀ ಗಾಡಿಗೋ ಅಂತ ಕೇಳಿ ಗಟ್ಟಿ ಮಾಡಿಕೊಳ್ಳಿ.

4. ಬೆಳಗಿನ ನಡಿಗೆ

ಹೊರಗೆ ಬಂದ ಕೂಡಲೇ ಎದುರಿಗೆ ಬಿಳಿ ಗಡಿಯಾರ ಗೋಪುರ ಕಾಣುತ್ತದೆ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದ ನೆನಪಿಗೆ ಚಾ ಚೆನ್ ಯೋಕ್ ಎಂಬ ಚೀನೀ ಸಾಹುಕಾರ ಕಟ್ಟಿಸಿದ್ದು. ವರ್ಷಕ್ಕೊಂದು ಅಡಿಯಂತೆ 60 ಅಡಿ ಎತ್ತರ. ಇದನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ದಾರಿ ತಪ್ಪಿದರೆ ಯಾರನ್ನಾದರೂ “ಕ್ಲಾಕ್ ಟವರ್” ಅಂತ ಕೇಳಿ. ಅಲ್ಲಿಗೆ ಬಂದರೆ ಹಡಗು ಸಿಕ್ಕ ಹಾಗೇ.

ಪಕ್ಕದಲ್ಲೇ ಫೋರ್ಟ್ ಕಾರ್ನ್‌ವಾಲಿಸ್ ಕೋಟೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ದ್ವೀಪಕ್ಕೆ ಕಾಲಿಟ್ಟ ಜಾಗ ಇದು. ಮೊದಲು ಮರದ ಬೇಲಿಯ ಕೋಟೆ ಇತ್ತು, ಇಟ್ಟಿಗೆಯದ್ದು ಆಮೇಲೆ ಬಂತು. ಕೋಟೆಯ ಹೆಸರು ಕೇಳಿದರೆ ನಮ್ಮವರು ಒಂದು ಕ್ಷಣ ನಿಲ್ಲಬೇಕು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಹೆಸರೇ ಈ ಕೋಟೆಗೂ ಇರುವುದು. ಒಳಗೆ ಹೋಗಲು ಟಿಕೆಟ್ ಇದೆ. ನನ್ನ ಮಟ್ಟಿಗೆ ಹೊರಗಿನಿಂದ ನೋಡಿದರೆ ಸಾಕು. ಆ ಹೊತ್ತನ್ನು ಮುಂದಿನ ಬೀದಿಗೆ ಉಳಿಸಿ.

ಲೆಬು ಲೈಟ್ ಎಂಬ ರಸ್ತೆ ಹಿಡಿದು ನಡೆಯಿರಿ. ಲೆಬು ಅಂದರೆ ಬೀದಿ, ಜಾಲಾನ್ ಅಂದರೆ ರಸ್ತೆ, ಲೊರೊಂಗ್ ಅಂದರೆ ಓಣಿ. ಈ ಮೂರು ಪದ ಗೊತ್ತಿದ್ದರೆ ಫಲಕ ಓದುವುದು ಸುಲಭ. ಬಲಕ್ಕೆ ದೊಡ್ಡ ಮೈದಾನ, ಅದರಾಚೆ ಸಮುದ್ರ. ಸ್ವಲ್ಪ ಮುಂದೆ ಎಡಕ್ಕೆ ತಿರುಗಿದರೆ ಜಾಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್. ಈ ಒಂದೇ ರಸ್ತೆಯಲ್ಲಿ ಒಂದಾದ ಮೇಲೊಂದು ಪ್ರಾರ್ಥನೆಯ ಮನೆಗಳು. ಮೊದಲು ಬಿಳಿ ಕಂಬಗಳ ಸೇಂಟ್ ಜಾರ್ಜ್ ಚರ್ಚ್, 1818ರದ್ದು. ಆಮೇಲೆ ಚೀನೀಯರ ಕರುಣಾ ದೇವಿ ಕುವಾನ್ ಯಿನ್ ಗುಡಿ, ಊದುಬತ್ತಿಯ ಹೊಗೆ ರಸ್ತೆಯವರೆಗೂ ಬರುತ್ತದೆ. ಹತ್ತಿರದ ಕ್ವೀನ್ ಸ್ಟ್ರೀಟ್ ಕಡೆ ಮುಖ ಮಾಡಿ 1833ರ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನ. ಕೊನೆಗೆ ಕಪಿತಾನ್ ಕೆಲಿಂಗ್ ಮಸೀದಿ. ದಕ್ಷಿಣ ಭಾರತದಿಂದ ಬಂದ ಮುಸ್ಲಿಮರು 1801ರ ಹೊತ್ತಿಗೆ ಶುರು ಮಾಡಿದ ಮಸೀದಿ ಇದು.

ಇಲ್ಲಿ ಎರಡು ಎಚ್ಚರಿಕೆ. ಮಾರಿಯಮ್ಮನ ಗುಡಿ ನಮ್ಮೂರಿನ ಗುಡಿಗಳ ಹಾಗೆ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಸಂಜೆಯೇ ಮತ್ತೆ ತೆರೆಯುವುದು. ದರ್ಶನ ಬೇಕಿದ್ದರೆ ಹನ್ನೊಂದು ಗಂಟೆಯೊಳಗೆ ಹೋಗಿ. ಮಸೀದಿಗೆ ಶುಕ್ರವಾರ ಮಧ್ಯಾಹ್ನ ನೋಡಲು ಬಂದವರನ್ನು ಬಿಡುವುದಿಲ್ಲ. ಬೇರೆ ಹೊತ್ತಿನಲ್ಲಿ ಮೈ ಮುಚ್ಚಿಕೊಳ್ಳಲು ಅವರೇ ನಿಲುವಂಗಿ ಕೊಡುತ್ತಾರೆ.

ನಡೆಯುವಾಗ ಅಂಗಡಿಗಳ ಮುಂದಿನ ಮಾಡಿನ ಕೆಳಗೇ ನಡೆಯಿರಿ. ಇದಕ್ಕೆ ಕಾಕಿ ಲೀಮಾ ಅನ್ನುತ್ತಾರೆ. ಕಾಕಿ ಅಂದರೆ ಅಡಿ, ಲೀಮಾ ಅಂದರೆ ಐದು. ಐದು ಅಡಿ ಅಗಲದ ಜಗಲಿ. ಮನೆ ಮುಂದಿನ ಜಗಲಿಯನ್ನು ಬೀದಿಯುದ್ದಕ್ಕೂ ಜೋಡಿಸಿದರೆ ಹೇಗಿರುತ್ತದೋ ಹಾಗೆ. ಬಿಸಿಲು, ಮಳೆ ಎರಡೂ ತಾಗುವುದಿಲ್ಲ. ಆದರೆ ಪ್ರತಿ ಅಂಗಡಿಯವರೂ ತಮ್ಮ ಇಷ್ಟದ ಎತ್ತರಕ್ಕೆ ನೆಲ ಮಾಡಿಸಿದ್ದಾರೆ. ನಾಲ್ಕು ಹೆಜ್ಜೆಗೊಂದು ಮೆಟ್ಟಿಲು. ಹಳೇ ಬಣ್ಣದ ಟೈಲ್ಸ್ ಒದ್ದೆಯಾದರೆ ಜಾರುತ್ತದೆ. ಪಕ್ಕದಲ್ಲಿ ತೆರೆದ ಚರಂಡಿ. ಫೋನ್ ನೋಡುತ್ತಾ ನಡೆಯಬೇಡಿ. ಗಾಲಿಕುರ್ಚಿಯವರಿಗೆ ಇದು ಆಗುವುದಿಲ್ಲ, ಅವರು ರಸ್ತೆಯ ಅಂಚಿನಲ್ಲೇ ಹೋಗಬೇಕು.

ಕ್ವೀನ್ ಸ್ಟ್ರೀಟ್‌ನಿಂದ ಪಕ್ಕಕ್ಕೆ ಹೊರಳಿದರೆ ಲಿಟಲ್ ಇಂಡಿಯಾ. ಮಲ್ಲಿಗೆ ಮಾಲೆ, ಸೀರೆ ಅಂಗಡಿ, ತಮಿಳು ಹಾಡು. ದುಡ್ಡು ಬದಲಾಯಿಸುವ ಅಂಗಡಿಗಳೂ ಇಲ್ಲೇ ಇವೆ. ಅಲ್ಪಸ್ವಲ್ಪ ತಮಿಳು ಬಂದರೆ ಇಲ್ಲಿ ಇಂಗ್ಲಿಷಿಗಿಂತ ಅದೇ ಹತ್ತಿರದ ಭಾಷೆ.

5. ಊಟ: ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

ಪೆನಾಂಗ್ ತಿಂಡಿಗೆ ಹೆಸರಾದ ಊರು. ಆದರೆ ಇಲ್ಲಿ ಒಂದು ವಸ್ತು ಕಣ್ಣಿಗೆ ಕಾಣದೆ ಎಲ್ಲದರಲ್ಲೂ ಸೇರಿರುತ್ತದೆ. ಅದರ ಹೆಸರು ಬೆಲಚಾನ್. ಸಿಗಡಿಯನ್ನು ಉಪ್ಪು ಹಾಕಿ ಹುದುಗಿಸಿ ಅರೆದ ಮುದ್ದೆ. ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ, ಚಟ್ನಿಗೂ ಹಾಕುತ್ತಾರೆ. ಮೊದಲ ಸಲ ಹೋದಾಗ ಬರೀ ಸೊಪ್ಪು ಅಂತ ಕೇಳಿ ತರಿಸಿದ ತಟ್ಟೆಯಲ್ಲೂ ಅದೇ ಇತ್ತು. ಅಡುಗೆಯವರು ಮೋಸ ಮಾಡಿದ್ದಲ್ಲ. ಅವರ ಲೆಕ್ಕದಲ್ಲಿ ಅದು ಮಸಾಲೆ, ಮಾಂಸ ಅಲ್ಲ. ನಾವು ಇಂಗಿನ ಬಗ್ಗೆ ಹೇಳುವುದಿಲ್ಲವಲ್ಲ, ಹಾಗೆ.

ನೋಡಲು ಸಸ್ಯಾಹಾರ, ಒಳಗೆ ಅಲ್ಲ ಅನ್ನುವಂಥವು ಇವು. ರೋಜಕ್: ಮಾವು, ಅನಾನಸ್, ಸೌತೆ ಹೆಚ್ಚಿ ಕಪ್ಪು ಗೊಜ್ಜು ಸುರಿದ ಹಣ್ಣಿನ ತಟ್ಟೆ. ಆ ಕಪ್ಪು ಗೊಜ್ಜಿನಲ್ಲಿ ಸಿಗಡಿ ಇದೆ. ಅಸ್ಸಾಂ ಲಕ್ಸಾ: ಹುಣಸೆಹುಳಿಯ ಶ್ಯಾವಿಗೆ ಸಾರು, ಅದರ ತಳವೇ ಮೀನು. ರೋಟಿ ಚನಾಯ್: ನಮ್ಮ ಪರೋಟದ ಅಣ್ಣತಮ್ಮ, ಹಿಟ್ಟಿಗೆ ಮೊಟ್ಟೆ ಸೇರಿಸುವವರೂ ಇದ್ದಾರೆ. ಜೊತೆಗೆ ಕೊಡುವ ದಾಲ್ ಮೇಲೆ ಕೆಲವರು ಕೇಳದೆಯೇ ಒಂದು ಸೌಟು ಮೀನಿನ ಸಾರು ಸುರಿಯುತ್ತಾರೆ.

ಈ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಕ್ ಮಾವ್ ಅಂದರೆ ಬೇಡ. ದಾಗಿಂಗ್ ಮಾಂಸ, ಆಯಾಮ್ ಕೋಳಿ, ಇಕಾನ್ ಮೀನು, ಉಡಾಂಗ್ ಸಿಗಡಿ, ತೆಲೂರ್ ಮೊಟ್ಟೆ. “ತಕ್ ಮಾವ್ ಇಕಾನ್, ತಕ್ ಮಾವ್ ಉಡಾಂಗ್, ತಕ್ ಮಾವ್ ಬೆಲಚಾನ್” ಅಂದರೆ ಅರ್ಥವಾಗುತ್ತದೆ. ಬರೀ “ವೆಜಿಟೇರಿಯನ್” ಅಂದರೆ ಸಾಲದು. ಥ್ಯಾಂಕ್ಸ್ ಹೇಳಲು ತೆರಿಮಾ ಕಾಸಿ. ಸಕ್ಕರೆಗೆ ಗುಲಾ, ಅಂಗಡಿಗೆ ಕೆಡಾಯ್, ಹೆಸರಿಗೆ ನಾಮ. ಇವನ್ನು ನೆನಪಿಡಲು ನಮಗೆ ಕಷ್ಟವಿಲ್ಲ.

ಯಾವ ತಲೆನೋವೂ ಬೇಡ ಅಂದರೆ ಲಿಟಲ್ ಇಂಡಿಯಾದ ಪೆನಾಂಗ್ ಸ್ಟ್ರೀಟ್ ಆಸುಪಾಸಿನ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಬಾಳೆಲೆ ಊಟ ಮಾಡಿ. ಅನ್ನ, ಸಾಂಬಾರು, ಮೂರು ಪಲ್ಯ, ಹಪ್ಪಳ. ಇಷ್ಟು ದೂರ ಬಂದು ಸಾಂಬಾರೇ ಅಂತ ಬೇಜಾರು ಮಾಡಿಕೊಳ್ಳಬೇಡಿ. ಹೊಟ್ಟೆ ತಣ್ಣಗಿದ್ದರೆ ಉಳಿದ ದಿನ ಚೆನ್ನಾಗಿರುತ್ತದೆ.

ಆದರೆ ಒಂದನ್ನು ಬಿಡಬೇಡಿ: ಚೆಂಡೋಲ್. ಪೆನಾಂಗ್ ರೋಡ್ ಪಕ್ಕದ ಕೆಂಗ್ ಕ್ವೀ ಓಣಿಯಲ್ಲಿ ಇದಕ್ಕೆ ಸಾಲು ನಿಂತಿರುತ್ತದೆ. ಬಟ್ಟಲಲ್ಲಿ ಹೆರೆದ ಐಸು, ಅದರ ಮೇಲೆ ತೆಂಗಿನಕಾಯಿ ಹಾಲು, ಕಂದು ತಾಳೆಬೆಲ್ಲದ ಪಾಕ, ಬೇಯಿಸಿದ ಕೆಂಪು ಕಾಳು, ಹಸಿರು ಶ್ಯಾವಿಗೆಯಂಥ ಎಳೆಗಳು. ಹಸಿರು ಬರುವುದು ಪಾಂಡನ್ ಎಲೆಯಿಂದ. ಕೇದಗೆಯ ಜಾತಿಯ ಗಿಡ ಅದು, ಅನ್ನದಂಥ ಪರಿಮಳ. ನಮ್ಮಲ್ಲಿ ಒತ್ತು ಶ್ಯಾವಿಗೆಗೆ ಬೆಲ್ಲದ ಕಾಯಿಹಾಲು ಹಾಕಿಕೊಂಡು ತಿನ್ನುತ್ತೇವಲ್ಲ, ಅದನ್ನೇ ಐಸಿನಲ್ಲಿ ಮುಳುಗಿಸಿದ ಹಾಗೆ. ಮೊದಲ ಚಮಚ ಮೇಲಿನಿಂದ ತಿನ್ನಬೇಡಿ, ಬರೀ ಐಸು ಸಿಗುತ್ತದೆ. ತಳದಿಂದ ಕಲಸಿ. ಬೆಲ್ಲ ಮೇಲೆ ಬಂದು ಹಾಲು ಚಹಾದ ಬಣ್ಣಕ್ಕೆ ತಿರುಗಿದ ಮೇಲೆ ತಿನ್ನಿ. ಈ ಓಣಿ ಲಿಟಲ್ ಇಂಡಿಯಾದಿಂದ ಹದಿನೈದು-ಇಪ್ಪತ್ತು ನಿಮಿಷದ ನಡಿಗೆ. ಅಷ್ಟು ದೂರ ಬೇಡ ಅಂದರೆ ಪೇಟೆಯೊಳಗೇ ಬೇರೆ ಗಾಡಿಗಳಲ್ಲೂ ಸಿಗುತ್ತದೆ.

ಜಾಯಿಕಾಯಿ ಹಣ್ಣಿನ ಜ್ಯೂಸ್ ಕೂಡ ಕೇಳಿ ಕುಡಿಯಿರಿ. ಹೆಸರು ಪಾಲಾ. ಕಂಪನಿಯ ಕಾಲದಲ್ಲಿ ಇಲ್ಲಿಗೆ ತಂದು ನೆಟ್ಟ ಬೆಳೆ ಇದು. ಒಗರು, ಹುಳಿ, ಸಿಹಿ ಮೂರೂ ಇರುತ್ತದೆ. ಕಾಫಿ ಬೇಕಾದರೆ ಕೊಪಿತಿಯಾಮ್ ಅಂದರೆ ಕಾಫಿ ಅಂಗಡಿಗೆ ಹೋಗಿ. ಬಟ್ಟೆಯ ಚೀಲದಲ್ಲಿ ಸೋಸಿದ ಗಟ್ಟಿ ಕಾಫಿ. ಬರೀ “ಕೊಪಿ” ಅಂದರೆ ಡಬ್ಬಿ ಹಾಲು ಹಾಕಿ ಕೊಡುತ್ತಾರೆ, “ಕೊಪಿ ಓ” ಅಂದರೆ ಹಾಲಿಲ್ಲದ್ದು. ನಲ್ಲಿ ನೀರು ಕುಡಿಯಬೇಡಿ.

ಶೌಚಾಲಯಕ್ಕೆ ತಂದಾಸ್ ಅನ್ನುತ್ತಾರೆ. ಸಂಡಾಸ್ ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಊಟ ಮಾಡಿದ ಹೋಟೆಲಿನಲ್ಲೇ ಹೋಗಿ ಬಂದುಬಿಡಿ.

6. ಮಧ್ಯಾಹ್ನ: ಗೋಡೆಯ ಚಿತ್ರ, ಕುಲದ ಮನೆ, ನೀರಿನ ಮೇಲಿನ ಓಣಿ

ಹನ್ನೆರಡರಿಂದ ಮೂರರವರೆಗಿನ ಬಿಸಿಲು ಸುಡುತ್ತದೆ. ಭೂಮಧ್ಯರೇಖೆಯಿಂದ ಇಲ್ಲಿಗೆ ಬರೀ 5 ಡಿಗ್ರಿ. ಬೆವರು ಒಣಗುವುದೇ ಇಲ್ಲ. ಮಂಗಳೂರಿನ ಏಪ್ರಿಲ್ ನೆನೆದುಕೊಳ್ಳಿ. ಈ ಹೊತ್ತಿಗೆ ಒಳಗೆ ಕೂತು ನೋಡುವಂಥದ್ದು ಆರಿಸಿ. ನನ್ನ ಆಯ್ಕೆ ಖೂ ಕೊಂಗ್ಸಿ. ಕೊಂಗ್ಸಿ ಅಂದರೆ ಒಂದೇ ಮನೆತನದ ಹೆಸರಿನವರು ಸೇರಿ ಕಟ್ಟಿಕೊಂಡ ಸಂಘ, ಅದರ ಗುಡಿ ಮತ್ತು ಸಭಾಮನೆ. ಖೂ ಮನೆತನದ ಹಳೇ ಕಟ್ಟಡ 1901ರಲ್ಲಿ ಸುಟ್ಟುಹೋಗಿ, ಈಗಿನದ್ದು 1906ರಲ್ಲಿ ಮುಗಿಯಿತು. ಮಾಡಿನ ಮೇಲಿನ ಕೆತ್ತನೆ ನೋಡಲು ಅರ್ಧ ಗಂಟೆ ಬೇಕು. ಟಿಕೆಟ್ ಇದೆ.

ಅಲ್ಲಿಂದ ಅರ್ಮೇನಿಯನ್ ಸ್ಟ್ರೀಟ್ ಪಕ್ಕದಲ್ಲೇ. 2012ರಲ್ಲಿ ಲಿಥುವೇನಿಯಾದ ಅರ್ನೆಸ್ಟ್ ಜಕರೆವಿಚ್ ಬಿಡಿಸಿದ ಗೋಡೆ ಚಿತ್ರ ಇಲ್ಲಿದೆ. ಗೋಡೆಗೆ ನಿಜವಾದ ಸೈಕಲ್ ಒರಗಿಸಿ, ಅದರ ಮೇಲೆ ಇಬ್ಬರು ಮಕ್ಕಳನ್ನು ಬಿಡಿಸಿದ್ದಾರೆ. ಫೋಟೋಗೆ ಸಾಲು ಇರುತ್ತದೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಕಾಯಬೇಕಾದರೆ ಬಿಟ್ಟುಬಿಡಿ, ಓಣಿಗಳಲ್ಲಿ ಇನ್ನೂ ಎಷ್ಟೋ ಇವೆ.

ಬಿಸಿಲು ಇಳಿಯುತ್ತಿದ್ದಂತೆ ಸಮುದ್ರದ ಕಡೆ ಬನ್ನಿ. ವೆಲ್ಡ್ ಕೀ ರಸ್ತೆ ದಾಟಿದರೆ ಕ್ಲಾನ್ ಜೆಟ್ಟಿಗಳು. ಚೀನಾದ ಫುಜಿಯಾನ್ ಕಡೆಯಿಂದ ಬಂದ ಕೂಲಿ, ದೋಣಿಯ ಜನ ನೀರಿನಲ್ಲೇ ಕಂಬ ನೆಟ್ಟು ಮನೆ ಕಟ್ಟಿಕೊಂಡರು. ಒಂದೊಂದು ಜೆಟ್ಟಿ ಒಂದೊಂದು ಮನೆತನದ್ದು. ದೊಡ್ಡದು ಚ್ಯೂ ಜೆಟ್ಟಿ. ನಡುವೆ ಹಲಗೆಯ ಓಣಿ, ಎರಡೂ ಬದಿಗೆ ಮನೆಗಳು. ಪ್ರತಿ ಬಾಗಿಲ ಪಕ್ಕ ಕೆಂಪು ಪೀಠ, ಅದರಲ್ಲಿ ಊದುಬತ್ತಿ. ಕಾಲ ಕೆಳಗಿನ ಹಲಗೆಗಳ ಸಂದಿಯಲ್ಲಿ ನೀರು ಹೊಳೆಯುತ್ತದೆ. ಎತ್ತರದ ಹಿಮ್ಮಡಿ ಸಿಕ್ಕಿಕೊಳ್ಳುವುದು ಇಲ್ಲೇ. ಮಕ್ಕಳ ಕೈ ಬಿಡಬೇಡಿ. ಓಣಿಯ ತುದಿಯಲ್ಲಿ ಕಟಕಟೆ ಇಲ್ಲ.

ಇದು ಪ್ರದರ್ಶನ ಅಲ್ಲ, ಜನ ಬದುಕುತ್ತಿರುವ ಕೇರಿ. ಒಳಗೆ ಅಜ್ಜಿ ಟಿವಿ ನೋಡುತ್ತಿರುತ್ತಾರೆ, ಯಾರೋ ಬಟ್ಟೆ ಒಣಹಾಕುತ್ತಿರುತ್ತಾರೆ. ಬಾಗಿಲೊಳಗೆ ಕ್ಯಾಮೆರಾ ಚಾಚಬೇಡಿ, ಜೋರಾಗಿ ಕೂಗಬೇಡಿ. ಫೋಟೋ ಬೇಡ ಅಂತ ಹಾಕಿದ ಫಲಕಕ್ಕೆ ಮರ್ಯಾದೆ ಕೊಡಿ. ನಮ್ಮ ಮನೆ ಮುಂದೆ ದಿನಾ ನೂರು ಜನ ನಿಂತು ಇಣುಕಿದರೆ ನಮಗೆ ಹೇಗಾಗುತ್ತದೆ?

ಬೆಟ್ಟ, ಬೀಚು ಬೇಕೇ ಬೇಕು ಅನ್ನುವವರಿಗೆ

ಪೆನಾಂಗ್ ಹಿಲ್ 833 ಮೀಟರ್. 1920ರ ದಶಕದಿಂದಲೂ ಹಳಿಯ ಮೇಲೆ ಎಳೆದೊಯ್ಯುವ ರೈಲು ಇದೆ. ಮೇಲೆ ಸುಮಾರು 5 ಡಿಗ್ರಿ ತಂಪು. ಚೆನ್ನಾಗಿದೆ. ಆದರೆ 1,478 ಮೀಟರಿನ ನಂದಿಬೆಟ್ಟ ಬೆಂಗಳೂರಿನ ಬಾಗಿಲಲ್ಲೇ ಇದೆ, ಅಲ್ವಾ? ವಾರದ ಕೊನೆಯಲ್ಲಿ, ರಜೆಯಲ್ಲಿ ರೈಲಿಗೆ ಉದ್ದ ಸಾಲು. ಇಳಿಯುವಾಗಲೂ ಸಾಲು. ಹಡಗು ಹಿಡಿಯಬೇಕಾದವರಿಗೆ ಈ ಎರಡನೇ ಸಾಲೇ ಅಪಾಯ. ಹೋಗುವುದಾದರೆ ಬೆಳಗ್ಗೆ ಮೊದಲು ಅದನ್ನೇ ಮುಗಿಸಿ, ಬೇರೇನೂ ಇಟ್ಟುಕೊಳ್ಳಬೇಡಿ.

ಬಾತು ಫೆರಿಂಗಿ ಬೀಚು ಉತ್ತರಕ್ಕಿದೆ. ದಾರಿ ಸಮುದ್ರದಂಚಿನ ತಿರುವುಗಳದ್ದು, ಟ್ರಾಫಿಕ್ ಇರುತ್ತದೆ. ನೀರು ತಿಳಿಯಾಗಿರುವುದಿಲ್ಲ, ಅಂಬಲಿ ಮೀನು (ಜೆಲ್ಲಿಫಿಶ್) ಕುಟುಕುವುದೂ ಉಂಟು. ಸಮುದ್ರ ಸ್ನಾನವೇ ಮುಖ್ಯವಾದರೆ ಮಲೇಷ್ಯಾದ್ದೇ ಇನ್ನೊಂದು ದ್ವೀಪ ಲಂಕಾವಿಗೆ ಹೋಗುವ ಕ್ರೂಸ್ ಹಿಡಿಯಿರಿ.

ಹಡಗು ಮಧ್ಯಾಹ್ನ ಬಂದು ರಾತ್ರಿ ಹೊರಡುವಂಥದ್ದಾದರೆ ನಡಿಗೆಯನ್ನು ತಿರುಗಿಸಿ. ಮೊದಲು ಖೂ ಕೊಂಗ್ಸಿ, ಸಂಜೆ ಜೆಟ್ಟಿ, ಆಮೇಲೆ ಬಾಗಿಲು ತೆರೆದ ಮಾರಿಯಮ್ಮನ ಗುಡಿ, ಲಿಟಲ್ ಇಂಡಿಯಾದಲ್ಲಿ ಊಟ. ಹಾಗೆ ಮಾಡಿದರೆ ದೀಪ ಹಚ್ಚಿದ ಪೇಟೆ ನೋಡಲು ಸಿಗುತ್ತದೆ.

7. ವಾಪಸ್ ಹೊರಡುವುದು

ಆಲ್ ಅಬೋರ್ಡ್ ಹೊತ್ತಿಗೆ ಒಂದೂವರೆ ಗಂಟೆ ಇರುವಾಗ ನಿಮ್ಮ ಮುಖ ಹಡಗಿನ ಕಡೆ ತಿರುಗಿರಬೇಕು. ಚ್ಯೂ ಜೆಟ್ಟಿಯಿಂದ ಪಿಯರ್‌ಗೆ ವೆಲ್ಡ್ ಕೀ ಹಿಡಿದು ನೇರ ಇಪ್ಪತ್ತು ನಿಮಿಷದ ನಡಿಗೆ. ಅದಕ್ಕೇ ಜೆಟ್ಟಿಯನ್ನು ಕೊನೆಗೆ ಇಟ್ಟಿದ್ದು. ಉಳಿದ ಹೊತ್ತು ಇಮಿಗ್ರೇಶನ್, ಸ್ಕ್ಯಾನಿಂಗ್ ಸಾಲಿಗೆ. ಸಂಜೆ ಮಳೆ ಬಂದರೆ ಗ್ರ್ಯಾಬ್ ಸಿಗುವುದು ತಡ, ದರವೂ ಏರುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ ಜಾಸ್ತಿ. ಆ ತಿಂಗಳುಗಳಲ್ಲಿ ಇನ್ನೂ ಅರ್ಧ ಗಂಟೆ ಮುಂಚೆ ಹೊರಡಿ.

ತಪ್ಪಿ ಹಡಗು ಬಿಟ್ಟುಹೋದರೆ ಗಾಬರಿಯಾಗಬೇಡಿ. ಪಿಯರ್ ಕಚೇರಿಗೆ ಹೋಗಿ, ಚೀಟಿಯಲ್ಲಿರುವ ಪೋರ್ಟ್ ಏಜೆಂಟ್‌ಗೆ ಫೋನ್ ಮಾಡಿ. ಮುಂದಿನ ಬಂದರಿಗೆ ಅಥವಾ ಸಿಂಗಾಪುರಕ್ಕೆ ನಿಮ್ಮ ಖರ್ಚಿನಲ್ಲೇ ಹೋಗಬೇಕು. ಪ್ರಯಾಣ ವಿಮೆ ಮಾಡಿಸುವಾಗ ಇದು ಸೇರಿದೆಯೇ ಅಂತ ಕೇಳಿ. ಎರಡು ದಿನದ ಮಾತ್ರೆ ತನ್ನಿ ಅಂದಿದ್ದು ಇದಕ್ಕೇ.

8. ಏನು ತರಬಾರದು

ಡುರಿಯನ್ ಹಣ್ಣು. ಹಲಸಿನ ಹಾಗೆ ಮುಳ್ಳು, ವಾಸನೆ ಅದಕ್ಕಿಂತ ಎಷ್ಟೋ ಪಟ್ಟು. ಹಡಗಿನೊಳಗೆ ಬಿಡುವುದಿಲ್ಲ. ಜೂನ್-ಜುಲೈ ಹೊತ್ತಿಗೆ ಹೋದರೆ ಬೀದಿಯಲ್ಲೇ ತಿಂದು, ಬಾಯಿ ಕೈ ತೊಳೆದು ಬನ್ನಿ. ಮದ್ಯ ಕೊಂಡರೆ ಹಡಗಿನವರು ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಮಲೇಷ್ಯಾದಿಂದ ಬಂದವರಿಗೆ ಸಿಂಗಾಪುರದಲ್ಲಿ ಮದ್ಯಕ್ಕೆ ಸುಂಕ ವಿನಾಯಿತಿ ಇಲ್ಲ, ಸಿಗರೇಟಿಗಂತೂ ಯಾರಿಗೂ ಇಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಸಿಂಗಾಪುರದಲ್ಲಿ ವೇಪ್ ಅಂದರೆ ಇ-ಸಿಗರೇಟು ಇಟ್ಟುಕೊಳ್ಳುವುದೇ ಅಪರಾಧ. ಗುಟ್ಕಾ, ಖೈನಿಯಂಥ ಜಗಿಯುವ ತಂಬಾಕೂ ನಿಷೇಧ. ಚೂಯಿಂಗ್ ಗಮ್ ತರುವಂತಿಲ್ಲ. ಹಡಗಿಗೆ ವಾಪಸ್ ಹತ್ತುವ ಮುಂಚೆ ಪಿಯರ್‌ನಲ್ಲೇ ನಿಂತು ಮಕ್ಕಳ ಬ್ಯಾಗು, ಯುವಕರ ಜೇಬು, ಅಜ್ಜನ ಎಲೆಅಡಿಕೆ ಚೀಲ ಎಲ್ಲ ಒಮ್ಮೆ ತೆಗೆದು ನೋಡಿ. ಚೀಲದಲ್ಲಿ ಹೊಗೆಸೊಪ್ಪು ಇದ್ದರೆ ಅಲ್ಲೇ ಕಸದ ಬುಟ್ಟಿಗೆ ಹಾಕಿ. ರಾತ್ರಿ ಮಲಗುವ ಮುಂಚೆ ಹಡಗಿನ ವೈಫೈಯಲ್ಲಿ ಸಿಂಗಾಪುರದ ಅರೈವಲ್ ಕಾರ್ಡ್ ತುಂಬಿದ್ದೀರಾ ಅಂತ ಮನೆಯವರನ್ನೆಲ್ಲ ಕೇಳಿ, ಒಬ್ಬೊಬ್ಬರದ್ದೂ ಸ್ಕ್ರೀನ್‌ಶಾಟ್ ತೆಗೆದಿಡಿ.